ಹುಲಿಯ ಬಾಯಿಂದ ಒಳಗೆ

ಮೀನಾ ಸಲ್ಮಾನ್ ಬಂದರು, ಬಹರೇನ್
14 ಏಪ್ರಿಲ್ 1983, ಗುರುವಾರ

ಪ್ರೀತಿಯ ನೆಲ್ಲಿ,

ನೀನೂ ನಿನ್ನ ಅಮ್ಮನೂ ಚೆನ್ನಾಗಿದ್ದೀರಿ ಎಂದು ನಂಬಿ ಕೂತಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕದೆ ಹುಸೈನಬ್ಬರ ಕೈಯಲ್ಲಿ ಕೊಡುತ್ತೇನೆ. ಅವರು ನಮ್ಮ ಹಡಗು ರಿಪೇರಿ ಯಾರ್ಡಿನ ಡ್ರೈವರ್, ನಾಳೆ ಊರಿಗೆ ಹೊರಟಿದ್ದಾರೆ. ಅವರಿಗೆ ಚಹಾ ಕೊಟ್ಟು ಕಳಿಸು, ಅವರ ಮುಂದೆ ಒಡೆಯಬೇಡ. ಅಮ್ಮ ಹತ್ತಿರ ಇಲ್ಲದಾಗ ಓದು.

ನಿನ್ನ ತಮ್ಮ ಯುಸ್ಟೇಸ್ ಆಸ್ಪತ್ರೆಯಲ್ಲಿದ್ದಾನೆ. ಜೀವ ಇದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಓದುವುದು ಬಿಟ್ಟು ಅಳುತ್ತಾ ಕೂರುತ್ತೀ. ಭಾನುವಾರ ಒಂದು ಹಡಗಿನ ಎಣ್ಣೆ ಟ್ಯಾಂಕಿನೊಳಗೆ ಪೈಪು ನೋಡಲು ಇಳಿದವನು ಗ್ಯಾಸಿಗೆ ಉಸಿರುಕಟ್ಟಿ ಅಲ್ಲೇ ಬಿದ್ದ. ಹಗ್ಗ ಕಟ್ಟಿ ಮೇಲೆತ್ತಿದೆವು. ನಾಲ್ಕು ದಿನವಾಯಿತು, ಕಣ್ಣು ತೆರೆದಿಲ್ಲ. ನಾಳೆ ನೋಡೋಣ ಎಂದು ಡಾಕ್ಟರು ನಿನ್ನೆಯೂ ಹೇಳಿದರು, ಇವತ್ತೂ ಹೇಳಿದರು. ನನಗೆ ಭಯವಾಗುತ್ತಿದೆ ನೆಲ್ಲಿ. ಊಟ ಬಿಟ್ಟಿದ್ದೇನೆ. ನರ್ಸು ನನ್ನ ಕಡೆ ನಡೆದು ಬಂದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತೇನೆ.

ಇದು ಯಾಕಾಯಿತು ಎಂದು ನನಗೆ ಗೊತ್ತು. ನಿನ್ನಿಂದ ಮುಚ್ಚಿಟ್ಟ ಸಂಗತಿ ಒಂದಿದೆ, ಬೈಯುವುದಾದರೆ ಪೂರ್ತಿ ಓದಿ ಬೈ.

ಫೆಬ್ರವರಿಯಲ್ಲಿ ಕಂಪೆನಿ ನಮ್ಮಿಬ್ಬರನ್ನೂ ತೈವಾನಿಗೆ ಕಳಿಸಿತ್ತಲ್ಲ, ಅಲ್ಲಿ ಒಡೆಯುವ ಹಳೆಯ ಹಡಗುಗಳಿಂದ ಪಂಪು, ಜನರೇಟರು ಆರಿಸಿ ತರಲು. ಬರೀ ಕೆಲಸ, ಊರು ನೋಡಲು ಪುರುಸೊತ್ತಿರಲಿಲ್ಲ ಎಂದು ನಿನಗೆ ಬರೆದಿದ್ದೆ. ಅದು ಸುಳ್ಳು. ಒಂದು ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ದೇವಸ್ಥಾನಗಳನ್ನು ನೋಡಲು ಹೋಗಿದ್ದೆವು, ಅದೂ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ. ಗುಜರಿ ಯಾರ್ಡಿನ ಗುಮಾಸ್ತ, ಲಿನ್ ಎಂಬ ಮುದುಕರು, ಕರೆದುಕೊಂಡು ಹೋದರು.

ಪಟ್ಟಣದ ನಡುವೆ ತಾವರೆಯ ದೊಡ್ಡ ಕೆರೆ. ಅದರ ಸುತ್ತ ಎಷ್ಟು ಗುಡಿಗಳೆಂದರೆ ನಾನು ಹನ್ನೊಂದಕ್ಕೆ ಎಣಿಕೆ ಬಿಟ್ಟೆ. ಮೂಲೆಗಳು ಮೇಲಕ್ಕೆ ಬಾಗಿದ ಹಳದಿ ಹಂಚಿನ ಮಾಡು, ಅದರ ತುಂಬ ಬಣ್ಣಬಣ್ಣದ ಮೀನು, ಕುದುರೆ, ಗಡ್ಡದ ಮನುಷ್ಯರು. ಅವರ ಹೊಸ ವರ್ಷ ಆಗತಾನೆ ಕಳೆದಿತ್ತು, ಕೆಂಪು ದೀಪಗಳನ್ನು ಇನ್ನೂ ಇಳಿಸಿರಲಿಲ್ಲ. ಒಂದು ಗುಡಿಯಲ್ಲಿ ಒಬ್ಬ ಹೆಂಗಸು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆಸೆದು, ಬಿದ್ದ ರೀತಿ ನೋಡಿ ದೇವರ ಉತ್ತರ ತಿಳಿದುಕೊಳ್ಳುತ್ತಿದ್ದಳು. ಯುಸ್ಟೇಸ್ ತಾನೂ ಎಸೆದು ಮದುವೆ ಯಾವಾಗ ಎಂದು ಕೇಳುತ್ತೇನೆಂದ. ನಾನು ಗದರಿಸಿ ಎಳೆದುಕೊಂಡು ಬಂದೆ. ಕನ್‌ಫ್ಯೂಶಿಯಸ್ ಎಂಬ ಗುರುವಿನ ಗುಡಿಯಲ್ಲಿ ಮೂರ್ತಿಯೇ ಇರಲಿಲ್ಲ, ಹೆಸರಿನ ಹಲಗೆ ಮಾತ್ರ. ಅಲ್ಲಿ ಮಾತ್ರ ನಾನು ನೆಮ್ಮದಿಯಿಂದ ಕೂತೆ.

ಕೊನೆಗೆ ನೀರಿನ ಮೇಲೆ ಏಳೇಳು ಅಂತಸ್ತಿನ ಎರಡು ಪಗೋಡಾ ಗೋಪುರಗಳು. ಅಂಕುಡೊಂಕು ಸೇತುವೆ ದಾಟಿ ಹೋದರೆ ಒಂದರ ಬಾಗಿಲು ಡ್ರ್ಯಾಗನ್ನಿನ ತೆರೆದ ಬಾಯಿ, ಇನ್ನೊಂದರದು ಹುಲಿಯ ಬಾಯಿ. ಡ್ರ್ಯಾಗನ್ನಿನ ಬಾಯಿಂದ ಒಳಗೆ ಹೋಗಿ ಹುಲಿಯ ಬಾಯಿಂದ ಹೊರಗೆ ಬರಬೇಕು, ಆಗ ಕೆಟ್ಟ ಕಾಲ ಹೋಗಿ ಒಳ್ಳೆಯ ಕಾಲ ಬರುತ್ತದೆ ಎಂದು ಲಿನ್ ವಿವರಿಸಿದರು. ನನಗೆ ಆ ಡ್ರ್ಯಾಗನ್ ಕಂಡದ್ದೇ ನಮ್ಮ ಇಗರ್ಜಿಯಲ್ಲಿ ಸಂತ ಮಿಕಾಯೆಲರ ಕಾಲಡಿಯ ಸೈತಾನನ ನೆನಪು. ಜ್ಞಾನಸ್ನಾನ ಪಡೆದವನು ಅದರ ಬಾಯೊಳಗೆ ಹೇಗೆ ಕಾಲಿಡುವುದು? ಹುಲಿಯಾದರೆ ನಮ್ಮದೇ, ದಸರೆಗೆ ವೇಷ ಕಟ್ಟಿ ಅಂಗಳಕ್ಕೆ ಬಂದು ಕುಣಿದು ಹೋಗುವಂಥದ್ದು. ಯುಸ್ಟೇಸನ ಕೈ ಹಿಡಿದು ಹುಲಿಯ ಬಾಯಿಂದಲೇ ಒಳಗೆ ನುಗ್ಗಿದೆ. ಮುದುಕರು ಕೂಗುತ್ತಾ ಓಡಿಬಂದರು. ನಾವು ಆ ಕಡೆ ಡ್ರ್ಯಾಗನ್ನಿನ ಬಾಯಿಂದ ಹೊರಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಗುಡಿಗೆ ಹೋಗಿ ನಮ್ಮಿಬ್ಬರ ಹೆಸರಿನಲ್ಲಿ ಊದುಬತ್ತಿ ಹಚ್ಚಿ ಮೂರು ಸಲ ಬಾಗಿದರು. ಭಾವ, ಮುದುಕರ ಸಮಾಧಾನಕ್ಕಾದರೂ ಸರಿಯಾದ ದಾರಿಯಲ್ಲಿ ಇನ್ನೊಮ್ಮೆ ಹೋಗಿಬರೋಣ ಎಂದ ಯುಸ್ಟೇಸ್. ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ.

ಆಗ ನಕ್ಕವನು ನಾನು. ಈಗ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಲಿನ್ ಅವರ ಮುಖವನ್ನೇ ಕಾಣುತ್ತಿದ್ದೇನೆ. ಮನಾಮಾದ ಇಗರ್ಜಿಯಲ್ಲಿ ಪಾದ್ರಿಗೆ ಪಾಪನಿವೇದನೆ ಮಾಡಿದೆ. ಗೋಪುರದಿಂದ ಯಾರಿಗೂ ಕೇಡಾಗುವುದಿಲ್ಲ, ಮನಸ್ಸಿನಲ್ಲಿ ಬೇರೆ ಏನಾದರೂ ಇದ್ದರೆ ಹೇಳು ಎಂದರು. ಏನೂ ಇಲ್ಲ ಎಂದು ಎದ್ದು ಬಂದೆ.

ಶನಿವಾರ ವಿಚಾರಣೆ. ಯಾರೇ ಟ್ಯಾಂಕಿಗಿಳಿಯುವ ಮೊದಲು ಒಳಗೆ ಗ್ಯಾಸ್ ಇಲ್ಲವೆಂದು ಮೀಟರಿನಲ್ಲಿ ನೋಡಿ ಚೀಟಿ ಬರೆದುಕೊಡಬೇಕು. ಆ ಚೀಟಿ ಸಿಕ್ಕಿಲ್ಲ. ಮೀಟರ್ ಇಟ್ಟುಕೊಳ್ಳುವವನು ಪುತ್ತೂರಿನ ಚೆನ್ನಪ್ಪ, ಹಾಗಾಗಿ ಎಲ್ಲರ ಬೆರಳು ಅವನ ಕಡೆಗೆ. ಪಾಪ, ಪೊಲೀಸರು ಹಿಡಿಯುತ್ತಾರೆಂದು ಅವನೂ ಊಟ ಬಿಟ್ಟಿದ್ದಾನೆ. ಎರಡು ಮಕ್ಕಳವನು.

ನೀನು ಯುಸ್ಟೇಸನಿಗಾಗಿ ಜಪಮಾಲೆ ಹೇಳು. ನಾನೂ ಹೇಳುತ್ತಿದ್ದೇನೆ. ಅವನು ಕಣ್ಣು ತೆರೆಯಲಿ ಎಂದು ಬೇಡುತ್ತೇನೆ, ತೆರೆದರೆ ಮೊದಲು ಏನು ಕೇಳುತ್ತಾನೋ ಎಂದೂ ಹೆದರುತ್ತೇನೆ. ಅಮ್ಮನ ಹತ್ತಿರ ಅವನಿಗೆ ಜ್ವರ ಎಂದಷ್ಟೇ ಹೇಳು.

ನಿನ್ನವನೇ ಆದ
ಕೊಸ್ಮಸ್

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಒಡೆದೆ. ಆಸ್ಪತ್ರೆಯವರು ಯುಸ್ಟೇಸನ ಬಟ್ಟೆಯನ್ನು ನನ್ನ ಕೈಗೇ ಕೊಟ್ಟಿದ್ದರು, ಚೀಟಿ ಜೇಬಿನಲ್ಲಿತ್ತು. ಸಹಿ ನನ್ನದು. ಅವತ್ತು ಚೆನ್ನಪ್ಪನಿಗೆ ಮೇಸ್ತ್ರಿಯಾದ ನಾನೇ ಬಾಯಿಮಾತಿನಲ್ಲಿ ರಜೆ ಕೊಟ್ಟಿದ್ದೆ, ಪುಸ್ತಕದಲ್ಲಿ ಬರೆದಿರಲಿಲ್ಲ, ಹಾಗಾಗಿ ಅವನ ಮಾತನ್ನು ಯಾರೂ ನಂಬುತ್ತಿಲ್ಲ. ಮೀಟರ್ ಇಡುವ ಕಪಾಟಿನ ಬೀಗದ ಕೈ ನನ್ನಲ್ಲಿತ್ತು, ಹಡಗು ಸಂಜೆಗೆ ಹೊರಡಬೇಕಿತ್ತು. ಕಪಾಟು ತೆರೆಯಲೇ ಇಲ್ಲ. ಶನಿವಾರ ನಿಜ ಹೇಳಲು ನನಗೆ ಬಾಯಿ ಬರುತ್ತದೋ ಇಲ್ಲವೋ ತಿಳಿಯದು, ಹರಿದುಹಾಕಿಬಿಡುತ್ತೇನೆಂಬ ಹೆದರಿಕೆಗೆ ಚೀಟಿಯನ್ನು ನಿನಗೆ ಕಳಿಸುತ್ತಿದ್ದೇನೆ. ಏಣಿಯ ಮೇಲೆ ನಿಂತು ಅವನು ನನ್ನನ್ನು ಕೇಳಿದ್ದ ನೆಲ್ಲಿ, ಭಾವ, ನೀವೇ ನೋಡಿದ್ದೀರಲ್ಲ ಎಂದು. ನೋಡಿದ್ದೇನೆ, ಇಳಿ ಎಂದೆ.