ಸಾದಾ ಪೆಟ್ರೋಲೇ ಸಾಕು ಅಂದಿದ್ದೆ

ಗುಬ್ಬೀ,

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಕೈಗೆ ಪೆನ್ನು ಕೊಟ್ಟಿದ್ದೀಯಲ್ಲ, ನಿನಗೆ ಬುದ್ಧಿ ಇದೆಯಾ? ಸ್ಪ್ಯಾನರ್ ಹಿಡಿದು ದಪ್ಪಗಾದ ಬೆರಳು. ಇಷ್ಟು ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದವು. ‘ಫೋನಲ್ಲಿ ಅಣ್ಣ ಬರೀ ಹ್ಞೂಂ ಹ್ಞೂಂ ಅಂತಾನೆ, ಏನಾಯ್ತು ಅಂತ ಬರೆದು ಕಳಿಸೋಕೆ ಹೇಳಿ’ ಎಂದು ನಿನ್ನ ಅತ್ತಿಗೆಯ ಹತ್ತಿರ ಹೇಳಿದೆಯಂತೆ. ತಗೋ, ಓದು.

ರೋಗಿಗಳ ಮನೆಗೆ ಹೋಗಿ ಬರೋಕೆ ಅಂತ ಕಾರು ತಂದ ದಿನ ನೀನು ಕೇಳಿದ್ದು ಒಂದೇ ಮಾತು. ‘ಅಣ್ಣಾ, ಟ್ಯಾಂಕಿನ ಮುಚ್ಚಳದ ಒಳಗೆ ಪ್ರೀಮಿಯಂ ಪೆಟ್ರೋಲೇ ಹಾಕಿಸಿ ಅಂತ ಬರೆದಿದೆ. ಹಾಕಿಸ್ಲಾ?’ ನಾನು ಮುಚ್ಚಳ ತೆಗೆದೂ ನೋಡಲಿಲ್ಲ. ‘ಹಾಕಿಸು, ರೆಕ್ಕೆ ಬರುತ್ತೆ! ಸಾದಾ ಪೆಟ್ರೋಲೇ ಸಾಕು’ ಎಂದೆ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ನೀನೂ ನಕ್ಕು, ಸಾದಾ ಪೆಟ್ರೋಲೇ ಹಾಕಿಸುತ್ತಾ ಬಂದೆ.

ಸುಳ್ಳು ಹೇಳಿರಲಿಲ್ಲ ಕಣೇ. ನನ್ನ ಹತ್ತಿರ ಬರುವ ಹತ್ತು ಕಾರಿನಲ್ಲಿ ಒಂಬತ್ತಕ್ಕೆ ಆ ದುಬಾರಿ ಪೆಟ್ರೋಲ್ ದಂಡ. ನಿನ್ನದು ಹತ್ತನೆಯದು. ಟರ್ಬೊ ಎಂಜಿನ್, ಒಳಗೆ ಒತ್ತಡ ಜಾಸ್ತಿ. ಸಾದಾ ಪೆಟ್ರೋಲ್ ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ಪಿಸ್ಟನ್ನಿಗೆ ಬಡಿಯುತ್ತದೆ. ನಾವು ಅದಕ್ಕೆ ನಾಕಿಂಗ್ ಅನ್ನುತ್ತೇವೆ. ನಲವತ್ತೆರಡು ವರ್ಷ ಆ ಸದ್ದನ್ನು ರಸ್ತೆಯ ಆಚೆ ಬದಿಯಿಂದಲೇ ಹಿಡಿದವನು ನಾನು.

ನೀನು ಎರಡು ಸಲ ಬಂದೆ. ‘ಏರು ಹತ್ತುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗಾಗುತ್ತೆ’ ಎಂದೆ. ಹಳದಿ ದೀಪ ಹತ್ತಿದೆ ಎಂದೆ. ದೀಪ ನೋಡಿ ರಿಪೇರಿ ಮಾಡುವವನು ನಾನಲ್ಲ ಎಂದು ಹಾರಾಡಿದೆ. ನೀನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿಬ್ಬ ಹತ್ತಿಸಿ, ‘ಈಗ ಬಂತು, ಕೇಳು!’ ಎಂದೆ. ನನಗೆ ಏನೂ ಕೇಳಿಸಲಿಲ್ಲ. ‘ರೋಗಿಗಳ ನರಳಾಟ ಕೇಳೀ ಕೇಳೀ ನಿನ್ನ ಕಿವಿ ಕೆಟ್ಟಿದೆ, ಸುಮ್ನೆ ಓಡಿಸು’ ಎಂದು ರೇಗಿದೆ. ನೀನು ಹಾಗೇ ಓಡಿಸಿದೆ. ಎಂಜಿನ್ ವಿಷಯದಲ್ಲಿ ನಾನು ಹೇಳಿದ ಮೇಲೆ ನೀನು ಯಾವತ್ತು ಎರಡು ಮಾತಾಡಿದ್ದೀಯ?

ಅದೇ ದಿಬ್ಬದ ಮೇಲೆ ಕಾರು ಕೆಟ್ಟು ನಿಂತಿತು. ನೀನು ಬ್ಯಾಗು ಹೊತ್ತುಕೊಂಡು ನಡೆದು ಹೋಗಿ, ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಗಾಯಕ್ಕೆ ಬ್ಯಾಂಡೇಜ್ ಬದಲಾಯಿಸಿದೆಯಂತೆ. ಎಂಜಿನ್ ಬಿಚ್ಚಿದ ಆ ದೊಡ್ಡ ವರ್ಕ್‌ಶಾಪಿನವನು ನನ್ನನ್ನು ಕರೆಸಿ, ಒಡೆದ ಪಿಸ್ಟನ್ ಕೈಗಿಟ್ಟ. ‘ಯಜಮಾನ್ರೇ, ನಾಕಿಂಗ್ ಹಿಡಿಯೋಕೆ ಕಾರಲ್ಲೇ ಒಂದು ಸೆನ್ಸರ್ ಇರುತ್ತೆ, ಅದೇ ಅದರ ಕಿವಿ. ವೈರನ್ನ ಇಲಿ ಕಡಿದುಬಿಟ್ಟಿದೆ. ಸರಿ, ಅದಕ್ಕೆ ಕೇಳಿಸ್ಲಿಲ್ಲ. ಆದ್ರೆ ಇದು ಎಷ್ಟು ದಿನ ಬಡ್ಕೊಂಡಿರುತ್ತೆ! ಮನುಷ್ಯರಿಗೂ ಕೇಳಿಸ್ಲಿಲ್ವಾ?’

ನೀನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಮೊನ್ನೆ ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ನಾಲ್ಕೈದು ಸಲ ಒತ್ತಿದೆ. ಆಮೇಲೆ ಮುಂದಿನದಕ್ಕೆ ಕಾಯುತ್ತಾ ಕೂತೆ. ಬಾಗಿಲು ತೆರೆದು ‘ಮುಗೀತು’ ಎಂದರು. ಸಣ್ಣ, ಚೂಪು ಸದ್ದುಗಳು ಹೋಗಿವೆಯಂತೆ, ವಾಪಸ್ ಬರುವುದಿಲ್ಲವಂತೆ. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಕೇಳಬಹುದು, ಎಂಜಿನ್ನಿಗೆ ಗ್ಯಾರಂಟಿ ಕೊಡಲಾರೆ ಎಂದರು. ಗಿರಾಕಿಗಳಿಗೆ ನಾನು ಹೇಳುವ ಮಾತು ಅದು. ನಿನ್ನ ಅತ್ತಿಗೆಗೆ ಹೇಳಿಲ್ಲ. ಮೂವತ್ತು ವರ್ಷ ಅವಳ ಮಾತು ಕಿವಿಗೆ ಹಾಕಿಕೊಳ್ಳದವನು ಈಗ ಕೇಳಿಸುತ್ತಿಲ್ಲ ಎಂದರೆ ನಂಬುತ್ತಾಳಾ?

ಈಗ ಟ್ಯಾಕ್ಸಿಯವನೊಬ್ಬ ಹದಿನೆಂಟನೇ ತಾರೀಕು ಬರುತ್ತಾನೆ. ಹಳೇ ಗಿರಾಕಿ. ‘ಏರಲ್ಲಿ ಏನೋ ಸದ್ದು, ನೀವು ಒಂದ್ಸಲ ಕೇಳಿ ಹೇಳಿಬಿಟ್ರೆ ನೆಮ್ಮದಿ’ ಎಂದ. ಹ್ಞೂಂ ಎಂದುಬಿಟ್ಟೆ. ಆ ದಿನ ಬಂದು ನನ್ನ ಪಕ್ಕ ನಿಂತು, ಸದ್ದು ಬಂದಾಗ ನನ್ನ ತೋಳು ಹಿಂಡುತ್ತೀಯಾ? ಇಲ್ಲ, ಅವನನ್ನು ವಾಪಸ್ ಕಳಿಸಿ ಷಟರ್ ಎಳೆದುಬಿಡಲಾ? ನನಗೆ ತೋಚುತ್ತಿಲ್ಲ. ನೀನು ಹೇಗೆ ಹೇಳಿದರೆ ಹಾಗೆ.

ನಿನ್ನ ಕಿವಿ ನೂರು ವರ್ಷ ಚೆನ್ನಾಗಿರಲಿ.

ನಿನ್ನ ಮಾತು ಕೇಳದ
ಅಣ್ಣ

ಹದಿನಾರನೇ ತಾರೀಕಿನೊಳಗೆ ಉತ್ತರ ಬೇಕು. ಬರೆದು ಕಳಿಸು. ಫೋನ್ ಮಾಡಬೇಡ.