ಕುತ್ತಿಗಿ ನಿಂತೈತಿ

ಅತ್ತಿಯವ್ರ,

ನೀವು ಹೊಲದಿಂದ ಬರೂದ್ರಾಗ ನಾಲತವಾಡದ ಬಸ್ ಹೋಗಿಬಿಡ್ತೈತಿ, ಅದಕ್ಕ ಬರದಿಟ್ಟು ಹೊಂಟೇನಿ. ನಿಮ್ಮ ಚಷ್ಮಾ ಟಿವಿ ಮ್ಯಾಲ ಐತಿ. ರೊಟ್ಟಿ ಬುಟ್ಟ್ಯಾಗ ಅದಾವು. ಹಾಲು ಕಾಸೇನಿ, ಬೆಕ್ಕಿನ ಮ್ಯಾಲ ಲಕ್ಷ್ಯ ಇರಲಿ.

ನಿನ್ನೆ ನಿಮ್ಮ ಮ್ಯಾಲ ಸಿಟ್ಟಾಗಿದ್ನಿ. ಗಿಟಾರ ಹೆಗಲಿಗೆ ಹಾಕೊಂಡು ನಿಂತ್ರ ಅದರ ಕುತ್ತಿಗಿ ಭಾರ ಆಗಿ, ಕೈ ಬಿಟ್ಟ ಕೂಡ್ಲೆ ನೆಲಕ್ಕ ಬಾಗತೈತಿ ಅಂತ ನಾ ಒದ್ದಾಡಾಕತ್ತಿದ್ರ, ನೀವು "ಕೂಸಿನ ಕುತ್ತಿಗಿ ಇನ್ನಾ ನಿಂತಿಲ್ಲವ್ವಾ, ಕೈ ಆಸರ ಕೊಡು" ಅಂತ ನಕ್ರಿ. ಎಡಗೈ ಆಸರ ಕೊಟ್ಕೋತ ಕುಂತ್ರ ತಂತಿ ಒತ್ತೋರು ಯಾರು ಅಂತ ಒದರಿ ಬಾಗಲಾ ಹಾಕೊಂಡ್ನಿ.

ಮುಂಜಾನೆ ನೋಡಿದ್ರ ಹೆಗಲ ಪಟ್ಟಿಯ ಒಳಮೈಗೆ ಕಂಬಳಿ ತುಂಡು ಹೊಲದಿಟ್ಟೀರಿ. ಚುಚ್ಚತೈತಿ ಖರೆ, ಆದ್ರ ಪಟ್ಟಿ ಹೆಗಲ ಮ್ಯಾಲಿಂದ ಜಾರವಲ್ದು. ಎದ್ದು ನಿಂತು ಎರಡೂ ಕೈ ಬಿಟ್ಟು ನೋಡಿದ್ನಿ. ಅಲುಗಾಡಲಿಲ್ಲ. ಇವತ್ತ ಸಾಲಿ ಮಕ್ಕಳ ಮುಂದ ನಿಂತ ನುಡಸ್ತೇನಿ.

ಮಾವಾರ ಕಂಬಳಿ ಮೂಲಿ ಕತ್ತರಿಸಿದ್ದು ಕಂಡೇನಿ. ಉಳಿದದ್ದನ್ನ ಮಡಚಿ ಟ್ರಂಕಿನ ತಳಕ್ಕ ಹಾಕೇನಿ. ಅವ್ರು ಕೇಳಿದ್ರ ಇಲಿ ಕಡದೈತಿ ಅನ್ರಿ. ನಾನೂ ಇಲಿ ಅಂತೇನಿ.

ನಿಮ್ಮ ಕೂಸಿನ ಕುತ್ತಿಗಿ ನಿಂತೈತ್ರಿ.

ವಿಜಯಲಕ್ಷ್ಮಿ