ಜೂನಿಗೆ ನೀನು ಕಲಿಸಿದ ಸಿಳ್ಳೆ

ಡ್ಯಾಲಿನ್,

ಯೂಟಾದ ಈ ಕಣಿವೆಗಳಲ್ಲಿ ಗಾಳಿ ಎದ್ದರೆ ಕೂಗಿದ ಹೆಸರು ಕೇಳಿಸುವುದಿಲ್ಲ ಎಂದು ನಮ್ಮ ನಾಯಿ ಜೂನಿಗೆ ಸಿಳ್ಳೆ ಕೇಳಿದರೆ ಓಡಿಬರಲು ಕಲಿಸಿದವನು ನೀನು. ಆಮೇಲೆ ನಾಯಿಯನ್ನೂ ಡೇರೆಯನ್ನೂ ನನಗೆ ಬಿಟ್ಟು ಇನ್ನೊಬ್ಬಳ ಜೊತೆ ಹೋದವನೂ ನೀನೇ.

ಬಂಡೆ ಸುಡದಿರಲೆಂದು ಜೂನಿಯ ಪಾದಗಳಿಗೆ ಹಾಕಿದ್ದ ಬೂಟುಗಳನ್ನು ಇವತ್ತು ಮಧ್ಯಾಹ್ನ, ಡೇರೆಯ ನೆರಳಿದೆಯಲ್ಲ ಎಂದು, ಬಿಚ್ಚಿದ್ದೆ. ತಿರುವಿನಾಚೆ ಯಾರೋ ತಮ್ಮ ನಾಯಿಗೆ ಸಿಳ್ಳೆ ಹೊಡೆದರು, ಥೇಟ್ ನಿನ್ನ ಹಾಗೆ. ಜೂನಿ ಕಾದ ಬಂಡೆಯ ಮೇಲೆ ಬರಿಗಾಲಲ್ಲೇ ಓಡಿದಳು. ಗಂಟಲು ಹರಿಯುವಂತೆ ಕೂಗಿದರೂ ತಿರುಗಲಿಲ್ಲ.

ನಾನು ಹೋಗುವಷ್ಟರಲ್ಲಿ ಸಿಳ್ಳೆ ಹೊಡೆದಿದ್ದ ಮುದುಕ ಅವಳ ಪಾದಗಳಿಗೆ ನೀರು ಸುರಿಯುತ್ತಿದ್ದ. "ಏನಮ್ಮಾ, ಈ ಬಿಸಿಲಲ್ಲಿ ಬೂಟಿಲ್ದೆ ಬಿಡೋದಾ? ಕರೆದ್ರೆ ಬರೋದನ್ನಾದ್ರೂ ಕಲಿಸಬಾರ್ದಾ?"

"ಕಲಿಸಿದೋನು ಬೇರೆ, ಅನ್ನ ಹಾಕೋಳು ಬೇರೆ," ಎಂದೆ.

ಎತ್ತಿಕೊಳ್ಳಲು ಹೋದರೆ ಜೂನಿ ನನಗೇ ಗುರ್ ಎಂದಳು. ಮುದುಕನ ಮುಖವನ್ನೇ ನೋಡುತ್ತಾ ಅಲ್ಲೇ ಕೂತಳು.

ನಿನ್ನ ಸಿಳ್ಳೆ ನನ್ನ ಬಾಯಿಗೆ ಬರಬಾರದು ಎಂದು ಹಟ ಹಿಡಿದಿದ್ದೆ. ಸಂಜೆ ಬಂಡೆ ತಣ್ಣಗಾದ ಮೇಲೂ ಅವಳು ಅಲ್ಲಿಂದ ಏಳದಿದ್ದಾಗ, ಬೇರೆ ದಾರಿಯಿಲ್ಲದೆ, ಡೇರೆಯ ಬಳಿ ನಿಂತು ಹೊಡೆದೆ. ಕುಂಟುತ್ತಾ ಬಂದಳು. ನನ್ನನ್ನು ದಾಟಿ ಹೋಗಿ, ಡೇರೆಯೊಳಗೆ ಮೂಗು ತೂರಿಸಿ ನಿನ್ನನ್ನು ಹುಡುಕಿದಳು.

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಯಾಕೆಂದರೆ ಅವಳ ಹಿಂದೆಯೇ ನಾನೂ ಡೇರೆಯೊಳಗೆ ಬಗ್ಗಿ ನೋಡಿದೆ.